ಸೋಗಾನೆಯಿಂದ ತಿರುಪತಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟೊತ್ತು? ಮನೆ ಬಾಗಿಲಿಂದ ಬೆಟ್ಟದವರೆಗಿನ ಪೂರ್ತಿ ಲೆಕ್ಕ ಇಲ್ಲಿದೆ

ಶಿವಮೊಗ್ಗ: ‘ಶಿವಮೊಗ್ಗದಿಂದ ತಿರುಪತಿಗೆ ವಿಮಾನದಲ್ಲಿ ಎಷ್ಟೊತ್ತು?’ ಅಂತ ಮೊಬೈಲ್‌ನಲ್ಲಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ಉತ್ತರ ಬರುತ್ತದೆ. ಒಂದು ಕಡೆ 32 ನಿಮಿಷ, ಇನ್ನೊಂದು ಕಡೆ 1 ಗಂಟೆ, ಟಿಕೆಟ್ ಬುಕಿಂಗ್ ಆ್ಯಪ್ ತೆಗೆದರೆ ಕೆಲವೊಮ್ಮೆ 7 ಗಂಟೆ! ದೂರದ ಕಥೆಯೂ ಅಷ್ಟೇ. 230 ಅಂತಾರೆ, 264 ಅಂತಾರೆ, 425 ಅಂತಾರೆ, 550 ಅಂತಾರೆ.

ಯಾವುದು ಸರಿ? ನೋಡಿದರೆ ಎಲ್ಲವೂ ಸರಿಯೇ. ಆದರೆ ಒಂದೊಂದು ಸಂಖ್ಯೆ ಅಳೆಯೋದು ಒಂದೊಂದು ವಿಷಯವನ್ನ. ಇದು ಗೊತ್ತಿಲ್ಲದೆ 32 ನಿಮಿಷ ನಂಬಿ ಹೊರಟರೆ ಚೆಕ್‌ಇನ್ ಕೌಂಟರ್ ಮುಚ್ಚಿರುತ್ತದೆ. ಟಿಕೆಟ್ ದುಡ್ಡೂ ಹೋಯ್ತು, ದರ್ಶನದ ಟೋಕನ್ನೂ ಹೋಯ್ತು. ಹಾಗಾಗಿ ಈ ಸಂಖ್ಯೆಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ನಾಲ್ಕು ದೂರ, ಒಂದೇ ಊರು

ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದಿಂದ ತಿರುಪತಿಯ ರೇಣಿಗುಂಟ ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 425 ಕಿ.ಮೀ. ಇದನ್ನೇ ಮೈಲಿಗೆ ಬದಲಿಸಿದರೆ 264. ವಿಮಾನ, ಹಡಗಿನವರು ಬಳಸುವ ನಾಟಿಕಲ್ ಮೈಲಿಗೆ ಬದಲಿಸಿದರೆ 230. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಅಂದರೆ ಮೊದಲ ಮೂರೂ ಸಂಖ್ಯೆಗಳು ಒಂದೇ ದೂರಕ್ಕೆ ಮೂರು ಅಳತೆ, ಅಷ್ಟೇ.

550 ಕಿ.ಮೀ. ಮಾತ್ರ ಬೇರೆ. ಅದು ರಸ್ತೆ ದೂರ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300, ಅಲ್ಲಿಂದ ತಿರುಪತಿಗೆ ಸುಮಾರು 250.

ನೇರ ದೂರವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಎರಡೂ ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಸೋಗಾನೆ 13.85 ಡಿಗ್ರಿ, ರೇಣಿಗುಂಟ 13.63 ಡಿಗ್ರಿ ಉತ್ತರ. ರೇಖಾಂಶ ಸೋಗಾನೆಗೆ 75.61, ರೇಣಿಗುಂಟಕ್ಕೆ 79.54. ನಮ್ಮ ಕಡೆ ಪೂರ್ವ-ಪಶ್ಚಿಮ ಒಂದು ಡಿಗ್ರಿ ಅಂದರೆ ಸುಮಾರು 108 ಕಿ.ಮೀ. ವ್ಯತ್ಯಾಸ 3.93 ಡಿಗ್ರಿ, 108ರಿಂದ ಗುಣಿಸಿದರೆ 425. ಉತ್ತರ-ದಕ್ಷಿಣ ವ್ಯತ್ಯಾಸ ಬರೀ 25 ಕಿ.ಮೀ. ಆಸುಪಾಸು, ಅದರಿಂದ ಒಟ್ಟು ದೂರ ಒಂದು ಕಿ.ಮೀ. ಕೂಡ ಹೆಚ್ಚೋದಿಲ್ಲ. ಅಂದರೆ ತಿರುಪತಿ ನಮಗೆ ಬಹುತೇಕ ನೆಟ್ಟಗೆ ಪೂರ್ವಕ್ಕಿದೆ.

ನಕ್ಷೆ ಮೇಲೆ ಸ್ಕೇಲ್ ಇಟ್ಟು ನೋಡಿ. ಗೆರೆ ಹೊಸದುರ್ಗದ ಹತ್ತಿರ ಹಾದು, ಶಿರಾ ಪಕ್ಕ ಹೋಗಿ, ಮಧುಗಿರಿ ಮತ್ತು ಹಿಂದೂಪುರದ ನಡುವೆ ನುಸುಳಿ, ಮದನಪಲ್ಲಿಯ ಉತ್ತರಕ್ಕೆ ದಾಟಿ ರೇಣಿಗುಂಟ ಸೇರುತ್ತದೆ. ಬಸ್ಸು, ಕಾರಿನವರು ಬೆಂಗಳೂರಿಗಾಗಿ ದಕ್ಷಿಣಕ್ಕೆ ಇಳಿದು, ಮತ್ತೆ ಮೇಲಕ್ಕೆ ಬರಬೇಕು. 125 ಕಿ.ಮೀ. ಹೆಚ್ಚಾಗೋದು ಬಹುಪಾಲು ಇದರಿಂದಲೇ. ಅಂದಹಾಗೆ, ಸಾಗರ, ಶಿವಮೊಗ್ಗ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 69 ಹೊನ್ನಾವರದಿಂದ ಶುರುವಾಗಿ ಮುಗಿಯೋದು ತಿರುಪತಿ ದಾರಿಯ ಚಿತ್ತೂರಿನಲ್ಲೇ. ಆದರೂ ಬಸ್ಸು, ರೈಲಿನ ಅನುಕೂಲಕ್ಕೆ ಜನ ಹೆಚ್ಚಾಗಿ ಹೋಗೋದು ಬೆಂಗಳೂರಿನ ಮೇಲೆಯೇ.

32 ನಿಮಿಷ ಎಲ್ಲಿಂದ ಬಂತು?

ಈ ಮಾರ್ಗದಲ್ಲಿ ಸ್ಟಾರ್ ಏರ್ ಕಂಪನಿ 2023ರ ನವೆಂಬರ್‌ನಲ್ಲಿ ಹಾರಾಟ ಶುರುಮಾಡಿತು. ಇದಕ್ಕೆ ಬಳಸಿದ್ದು ಎಂಬ್ರೇರ್ 175 ಎಂಬ ಜೆಟ್ ವಿಮಾನ. 76 ಸೀಟು. ಎತ್ತರಕ್ಕೆ ಹೋದ ಮೇಲೆ ಅದರ ವೇಗ ಗಂಟೆಗೆ ಸುಮಾರು 800 ಕಿ.ಮೀ. 425ನ್ನು 800ರಿಂದ ಭಾಗಿಸಿ, 60ರಿಂದ ಗುಣಿಸಿದರೆ 32 ನಿಮಿಷ. ದೂರ ತೋರಿಸುವ ವೆಬ್‌ಸೈಟ್‌ಗಳು ಕೊಡೋದು ಇದೇ ಭಾಗಾಕಾರದ ಉತ್ತರ.

ಆದರೆ ವಿಮಾನ ರನ್‌ವೇ ಬಿಟ್ಟ ಕೂಡಲೇ 800ರಲ್ಲಿ ಓಡೋದಿಲ್ಲ. ಬಸ್ಸು ಸ್ಟ್ಯಾಂಡಿನಿಂದಲೇ ಟಾಪ್ ಗೇರ್‌ನಲ್ಲಿ ಹೊರಡುತ್ತದಾ? ಇದೂ ಹಾಗೇ. 10 ಸಾವಿರ ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ದಾಟಬಾರದು ಅನ್ನೋದು ಸಾಮಾನ್ಯ ನಿಯಮ. ಮೇಲೇರಿದ ಮೇಲಷ್ಟೇ ವೇಗ.

ಇಳಿಯೋದಕ್ಕೂ ಒಂದು ಲೆಕ್ಕ ಇದೆ. ಪ್ರತಿ ಸಾವಿರ ಅಡಿ ಇಳಿಯೋದಕ್ಕೆ ಸುಮಾರು 3 ನಾಟಿಕಲ್ ಮೈಲಿ ಬೇಕು ಅನ್ನೋದು ಪೈಲಟ್‌ಗಳ ಬಾಯಿಲೆಕ್ಕ. 25 ಸಾವಿರ ಅಡಿ ಎತ್ತರದಲ್ಲಿದ್ದರೆ 75 ನಾಟಿಕಲ್ ಮೈಲಿ, ಅಂದರೆ ಸುಮಾರು 140 ಕಿ.ಮೀ. ಮೊದಲೇ ಇಳಿಯಲು ಶುರು ಮಾಡಬೇಕು. ಮೇಲೇರೋದಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಹಿಡಿಯುತ್ತದೆ. ಹಾಗಾದರೆ 425 ಕಿ.ಮೀ.ನಲ್ಲಿ ಮೂರನೇ ಒಂದು ಭಾಗ ಹತ್ತೋದು, ಮೂರನೇ ಒಂದು ಭಾಗ ಇಳಿಯೋದು. ಪೂರ್ತಿ ವೇಗದಲ್ಲಿ ಹೋಗೋದು ನಡುವಿನ ಹತ್ತು, ಹನ್ನೊಂದು ನಿಮಿಷ ಮಾತ್ರ.

ಜೊತೆಗೆ ವಿಮಾನ ನಮ್ಮ ಸ್ಕೇಲಿನ ಗೆರೆ ಮೇಲೆ ಹೋಗೋದಿಲ್ಲ. ರನ್‌ವೇ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಎದ್ದು, ಆಮೇಲೆ ತಿರುಗಬೇಕು. ಇಳಿಯುವಾಗ ಗಾಳಿ ನೋಡಿ ರನ್‌ವೇಯ ಯಾವ ತುದಿ ಅನ್ನೋದು ತೀರ್ಮಾನ ಆಗುತ್ತದೆ, ಕೆಲವೊಮ್ಮೆ ಸುತ್ತು ಹಾಕಿ ಬರಬೇಕು. ದಾರಿಯಲ್ಲಿ ಬೆಂಗಳೂರಿನ ವಿಮಾನಗಳ ಓಡಾಟವೂ ಇದೆ, ಕಂಟ್ರೋಲರ್ ಹೇಳಿದ ಎತ್ತರ, ಹೇಳಿದ ದಿಕ್ಕು ಪಾಲಿಸಬೇಕು. ಎಲ್ಲ ಸೇರಿ ಗಾಳಿಯಲ್ಲಿ ಇರುವ ಸಮಯ 40ರಿಂದ 47 ನಿಮಿಷದ ಆಸುಪಾಸು ಬರುತ್ತದೆ.

‘ಎದುರುಗಾಳಿ ಇದ್ದರೆ ತುಂಬಾ ತಡ ಆಗುತ್ತದಾ?’ ಅಂತ ಕೆಲವರು ಕೇಳುತ್ತಾರೆ. ಇಷ್ಟು ಚಿಕ್ಕ ದಾರಿಯಲ್ಲಿ ಇಲ್ಲ. ಗಂಟೆಗೆ 50 ಕಿ.ಮೀ. ಎದುರುಗಾಳಿ ಇಡೀ ದಾರಿ ಇದ್ದರೂ ಹೆಚ್ಚಾಗೋದು ಮೂರು, ನಾಲ್ಕು ನಿಮಿಷ.

ಟಿಕೆಟ್‌ನಲ್ಲಿ 1 ಗಂಟೆ ಯಾಕೆ?

ಟಿಕೆಟ್‌ನಲ್ಲಿ ಇರೋದು ಹಾರುವ ಸಮಯ ಅಲ್ಲ. ಅದಕ್ಕೆ ‘ಬ್ಲಾಕ್ ಟೈಮ್’ ಅಂತಾರೆ. ವಿಮಾನ ನಿಂತ ಜಾಗದಿಂದ ಅಲುಗಿದ ಕ್ಷಣದಿಂದ, ಇನ್ನೊಂದು ಊರಲ್ಲಿ ನಿಲ್ಲಿಸಿ ಬ್ರೇಕ್ ಹಾಕುವ ತನಕ. ಚಕ್ರಕ್ಕೆ ಅಡ್ಡ ಇಡುವ ಕಟ್ಟೆ ತೆಗೆದಾಗಿನಿಂದ ಮತ್ತೆ ಇಡುವ ತನಕ ಅಂದುಕೊಳ್ಳಿ, ಹೆಸರು ಬಂದಿದ್ದೇ ಅದರಿಂದ. ರನ್‌ವೇ ತುದಿಗೆ ಓಡೋದು, ಅನುಮತಿಗೆ ಕಾಯೋದು, ಇಳಿದ ಮೇಲೆ ಟರ್ಮಿನಲ್ ಮುಂದೆ ಬರೋದು ಎಲ್ಲ ಇದರಲ್ಲೇ. ನಮ್ಮ 40-47 ನಿಮಿಷಕ್ಕೆ ಇದನ್ನ ಸೇರಿಸಿದರೆ ಸುಮಾರು ಒಂದು ಗಂಟೆ. ಆದ್ದರಿಂದ ಟಿಕೆಟ್‌ನಲ್ಲಿ ಬರೆದದ್ದನ್ನೇ ನಂಬಿ, ವೆಬ್‌ಸೈಟಿನ 32 ನಿಮಿಷ ಬಿಟ್ಟುಬಿಡಿ.

ಬೆಂಗಳೂರು ಹತ್ತಿರ, ಸಮಯ ಮಾತ್ರ ಅಷ್ಟೇ!

ದೂರ ಕಮ್ಮಿ ಇದ್ದರೆ ಸಮಯವೂ ಕಮ್ಮಿ ಅನ್ನೋದು ರಸ್ತೆಗೆ ಸರಿ. ವಿಮಾನಕ್ಕೆ ಯಾವಾಗಲೂ ಸರಿಯಲ್ಲ. ಒಳ್ಳೆ ಉದಾಹರಣೆ ನಮ್ಮಲ್ಲೇ ಇದೆ.

ಸೋಗಾನೆಯಿಂದ ಬೆಂಗಳೂರು ಕೆಂಪೇಗೌಡ ನಿಲ್ದಾಣಕ್ಕೆ ನೇರ ದೂರ ಸುಮಾರು 240 ಕಿ.ಮೀ. ತಿರುಪತಿಗಿಂತ 185 ಕಿ.ಮೀ. ಹತ್ತಿರ. 2023ರ ಫೆಬ್ರವರಿ 27ರಂದು ನಿಲ್ದಾಣ ಉದ್ಘಾಟನೆ ಆಗಿ, ಅದೇ ವರ್ಷ ಆಗಸ್ಟ್ 31ರಂದು ಇಂಡಿಗೋದ ಮೊದಲ ವಿಮಾನ ಬಂತು. ಆರಂಭದ ವೇಳಾಪಟ್ಟಿ ಹೀಗಿತ್ತು: ಬೆಂಗಳೂರು ಬಿಡೋದು 9.50, ಶಿವಮೊಗ್ಗ ತಲುಪೋದು 11.05. ವಾಪಸ್ 11.25ಕ್ಕೆ ಹೊರಟು 12.25ಕ್ಕೆ ಬೆಂಗಳೂರು. ಅಂದರೆ ಬರೋದಕ್ಕೆ 75 ನಿಮಿಷ, ಹೋಗೋದಕ್ಕೆ 60 ನಿಮಿಷ!

ಕಾರಣ ಎರಡು. ಒಂದು, ಅದು ಎಟಿಆರ್ 72 ವಿಮಾನ. ರೆಕ್ಕೆ ಮೇಲೆ ಫ್ಯಾನ್ ಇರುವ, ಗಂಟೆಗೆ ಸುಮಾರು 500 ಕಿ.ಮೀ. ಹೋಗುವ ವಿಮಾನ. ಎರಡು, ಬೆಂಗಳೂರು ಗಿಜಿಗುಟ್ಟುವ ನಿಲ್ದಾಣ. ವಿಮಾನ ನಿಂತ ಜಾಗದಿಂದ ರನ್‌ವೇ ದೂರ, ಮುಂದೆ ಕ್ಯೂ ಬೇರೆ. ಸೋಗಾನೆ, ರೇಣಿಗುಂಟದಂಥ ನಿಲ್ದಾಣಗಳಲ್ಲಿ ಆ ತಾಪತ್ರಯ ಕಮ್ಮಿ. ಹಾಗಾಗಿ 240 ಕಿ.ಮೀ. ದಾರಿಯೂ, 425 ಕಿ.ಮೀ. ದಾರಿಯೂ ಟಿಕೆಟ್‌ನಲ್ಲಿ ಒಂದೇ ಥರ ಕಾಣುತ್ತದೆ.

ಮನೆಯಿಂದ ಬೆಟ್ಟಕ್ಕೆ: ತಾಲೂಕುವಾರು ಲೆಕ್ಕ

ಈಗ ಅಸಲಿ ವಿಷಯ. ನಮಗೆ ಬೇಕಾಗಿರೋದು ರನ್‌ವೇಯಿಂದ ರನ್‌ವೇ ಸಮಯ ಅಲ್ಲ, ಮನೆ ಬಾಗಿಲಿಂದ ತಿರುಮಲದ ಬೆಟ್ಟದ ತನಕ. ಎಲ್ಲ ತಾಲೂಕಿಗೂ ಸಾಮಾನ್ಯವಾಗಿ ಸೇರುವ ಸಮಯ ಇಷ್ಟು:

- ವಿಮಾನ ನಿಲ್ದಾಣದಲ್ಲಿ ಮುಂಚಿತವಾಗಿ ಇರಬೇಕಾದ್ದು: ಒಂದೂವರೆ ಗಂಟೆ. ದೇಶದೊಳಗಿನ ವಿಮಾನಗಳಿಗೆ ಕೌಂಟರ್ ಮುಚ್ಚೋದು ಸಾಮಾನ್ಯವಾಗಿ 45ರಿಂದ 60 ನಿಮಿಷ ಮುಂಚೆ.
- ಟಿಕೆಟ್‌ನಲ್ಲಿರುವ ಸಮಯ: ಸುಮಾರು 1 ಗಂಟೆ.
- ಇಳಿದು ಲಗೇಜ್ ತಗೊಂಡು ಟ್ಯಾಕ್ಸಿ ಹಿಡಿಯೋದು: ಅರ್ಧ ಗಂಟೆ.
- ರೇಣಿಗುಂಟದಿಂದ ಅಲಿಪಿರಿ ತಪಾಸಣೆ ದಾಟಿ ಘಾಟಿ ಹತ್ತಿ ತಿರುಮಲಕ್ಕೆ, ಸುಮಾರು 40 ಕಿ.ಮೀ.: ಒಂದೂಕಾಲು ಗಂಟೆ.

ಒಟ್ಟು ನಾಲ್ಕೂಕಾಲು ಗಂಟೆ. ಇದಕ್ಕೆ ನಿಮ್ಮ ಊರಿಂದ ಸೋಗಾನೆಗೆ ಬರುವ ಸಮಯ ಸೇರಿಸಿ:

- ಶಿವಮೊಗ್ಗ, ಭದ್ರಾವತಿ: ಅರ್ಧ ಗಂಟೆ. ಒಟ್ಟು ಸುಮಾರು ನಾಲ್ಕೂಮುಕ್ಕಾಲು ಗಂಟೆ.
- ಶಿಕಾರಿಪುರ: ಒಂದೂವರೆ ಗಂಟೆ. ಒಟ್ಟು ಸುಮಾರು ಐದೂಮುಕ್ಕಾಲು ಗಂಟೆ.
- ತೀರ್ಥಹಳ್ಳಿ: ಒಂದೂಮುಕ್ಕಾಲು ಗಂಟೆ. ಒಟ್ಟು ಸುಮಾರು 6 ಗಂಟೆ.
- ಸಾಗರ, ಹೊಸನಗರ: ಎರಡು ಗಂಟೆ. ಒಟ್ಟು ಸುಮಾರು ಆರೂಕಾಲು ಗಂಟೆ.
- ಸೊರಬ: ಎರಡೂಕಾಲು ಗಂಟೆ. ಒಟ್ಟು ಸುಮಾರು ಆರೂವರೆ ಗಂಟೆ.

ಸಾಗರದವರ ಲೆಕ್ಕ ನೋಡಿ. ಆರೂಕಾಲು ಗಂಟೆಯಲ್ಲಿ ಸೀಟಿನಲ್ಲಿ ಕೂತು ಹೋಗೋದು ಒಂದು ಗಂಟೆ ಮಾತ್ರ. ಸೋಗಾನೆಗೆ ಬರೋದಕ್ಕೇ ಅದರ ಎರಡರಷ್ಟು. ಆದರೂ ರಸ್ತೆಯಲ್ಲಿ ಸಾಗರದಿಂದ ತಿರುಮಲ ಅಂದರೆ 600 ಕಿ.ಮೀ. ಮೇಲೆ, ಊಟ, ತಿಂಡಿ ಸೇರಿ 13 ಗಂಟೆ ಹಿಡಿಯುತ್ತದೆ. ಶಿವಮೊಗ್ಗದಿಂದಲೇ ಆದರೂ 11-12 ಗಂಟೆ. ಅಂದರೆ ಹೋಗುವಾಗ ಆರೇಳು ಗಂಟೆ ಉಳಿಯೋದು ಖಂಡಿತ. ಮಂಡಿ ನೋವಿನ ಹಿರಿಯರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಆ ಆರೇಳು ಗಂಟೆಯ ಬೆಲೆ ಇನ್ನೂ ಜಾಸ್ತಿ.

ಅಂಗಡಿಯವರು ನೋಡಬೇಕಾದ್ದು ಬೇರೆ ಲೆಕ್ಕ

ಗಂಟೆ ಉಳಿದರೆ ದಿನ ಉಳಿದಂತಲ್ಲ. ಅಂಗಡಿ ಇಟ್ಟವರು ಇದನ್ನ ಸರಿಯಾಗಿ ನೋಡಬೇಕು.

ರಾತ್ರಿ ಬಸ್ಸಿಗೆ ಹೋಗುವವರು ಅಂಗಡಿ ಮುಚ್ಚಿಕೊಂಡು ಸಂಜೆ ಹೊರಡುತ್ತಾರೆ. ಮಾರನೇ ದಿನ ದರ್ಶನ, ಅವತ್ತೇ ರಾತ್ರಿ ವಾಪಸ್ ಬಸ್ಸು. ಎರಡು ರಾತ್ರಿ ನಿದ್ದೆ ಕೆಟ್ಟರೂ ಅಂಗಡಿ ಬಾಗಿಲು ಹಾಕೋದು ಹೆಚ್ಚುಕಡಿಮೆ ಒಂದೂವರೆ ದಿನ. ವಿಮಾನ ಹಗಲು ಹೊತ್ತಲ್ಲಿ ಇದ್ದರೆ ಹೋಗುವ ದಿನ ಅರ್ಧಕ್ಕರ್ಧ ಹೋಯ್ತು. ದರ್ಶನ ಮಾರನೇ ದಿನ. ವಾಪಸ್ ವಿಮಾನ ಅದರ ಮಾರನೇ ದಿನ ಇಲ್ಲ ಅಂದರೆ ಇನ್ನೊಂದು ದಿನ ಅಲ್ಲೇ. ಇಂಥ ಸಣ್ಣ ಊರುಗಳ ನಡುವೆ ವಿಮಾನ ವಾರದ ಎಲ್ಲ ದಿನ ಇರೋದು ಅಪರೂಪ. ಒಂದು ಗಂಟೆಯ ವಿಮಾನಕ್ಕೆ ಮೂರು ದಿನ ಅಂಗಡಿ ಮುಚ್ಚಿದರೆ ಉಳಿದಿದ್ದೇನು? ಹಾಗಾಗಿ ಮೊದಲು ನೋಡಬೇಕಾದ್ದು ಹಾರುವ ಸಮಯ ಅಲ್ಲ, ವಾಪಸ್ ವಿಮಾನದ ವಾರ.

ದುಡ್ಡಿನ ಲೆಕ್ಕವೂ ತಲೆ ಎಣಿಕೆ ಮೇಲೆ ನಿಂತಿದೆ. ಲೀಟರ್‌ಗೆ 15 ಕಿ.ಮೀ. ಕೊಡುವ ಕಾರಿಗೆ ಹೋಗಿ ಬರಲು ಸುಮಾರು 76 ಲೀಟರ್. ಲೀಟರ್‌ಗೆ 100 ರೂ. ಹಿಡಿದರೆ 7,600 ರೂ., ಟೋಲ್ ಬೇರೆ. ನಾಲ್ಕು ಜನ ಹೋದರೆ ಇಂಧನ ತಲೆಗೆ 1,900 ರೂ. ಒಬ್ಬರೇ ಹೋದರೆ ಪೂರ್ತಿ ಒಬ್ಬರ ಮೇಲೆ. ವಿಮಾನದಲ್ಲಿ ಇದು ಉಲ್ಟಾ. ಎಷ್ಟು ಜನವೋ ಅಷ್ಟು ಟಿಕೆಟ್. ಒಬ್ಬರು, ಇಬ್ಬರಿಗೆ ವಿಮಾನ ಹೊಂದಬಹುದು. ಐದಾರು ಜನರ ಕುಟುಂಬಕ್ಕೆ ಕಾರೇ ಅಗ್ಗ.

‘ಉಡಾನ್‌ನಲ್ಲಿ 2,500 ರೂ. ಅಲ್ವಾ?’ ಅನ್ನೋದು ಇನ್ನೊಂದು ಮಾತು. 2016ರಲ್ಲಿ ಬಂದ ಈ ಯೋಜನೆಯಲ್ಲಿ ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಹಾರಾಟಕ್ಕೆ ಆರಂಭದಲ್ಲಿ ಆ ಮಿತಿ ಇತ್ತು. ಆಮೇಲೆ ಪರಿಷ್ಕರಣೆ ಆಗಿದೆ. ಅದಕ್ಕಿಂತ ಮುಖ್ಯವಾಗಿ, ಆ ದರ ಎಲ್ಲ ಸೀಟಿಗೂ ಅಲ್ಲ, ನಿಗದಿತ ಸೀಟುಗಳಿಗೆ ಮಾತ್ರ. ಅವು ತುಂಬಿದ ಮೇಲೆ ಉಳಿದ ಸೀಟಿಗೆ ಮಾರುಕಟ್ಟೆ ದರ. ಬೇಗ ಬುಕ್ ಮಾಡಿದವರಿಗೆ ಲಾಭ ಅನ್ನೋದು ಇದಕ್ಕೇ. ಇಂಥ ಮಾರ್ಗಗಳಿಗೆ ಸರ್ಕಾರದ ನೆರವು ಇರೋದು ಸಾಮಾನ್ಯವಾಗಿ ಮೂರು ವರ್ಷ. ಆ ಮೇಲೆ ಜನ ಹತ್ತಿದರಷ್ಟೇ ವಿಮಾನ ಉಳಿಯುತ್ತದೆ.

ಮಳೆ, ಮಂಜಿನ ದಿನ

ಸೋಗಾನೆ ರನ್‌ವೇ ಉದ್ದ 3,200 ಮೀಟರ್. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ಉದ್ದ. ಆದರೆ ವಿಮಾನ ಇಳಿಯೋದಕ್ಕೆ ರನ್‌ವೇ ಉದ್ದ ಇದ್ದರೆ ಸಾಲದು, ಪೈಲಟ್‌ಗೆ ಅದು ಕಾಣಬೇಕು. ಮಲೆನಾಡಿನ ಅಂಚಿನ ನಮ್ಮ ಊರಲ್ಲಿ ಮಳೆಗಾಲದ ತಗ್ಗಿದ ಮೋಡ, ಚಳಿಗಾಲದ ಬೆಳಗಿನ ಮಂಜು ಎರಡೂ ಸಾಮಾನ್ಯ. ಕನಿಷ್ಠ ದೂರ ಕಾಣದಿದ್ದರೆ ವಿಮಾನ ಮೇಲೆ ಸುತ್ತಬೇಕು, ಇಲ್ಲಾ ಬೇರೆ ನಿಲ್ದಾಣಕ್ಕೆ ಹೋಗಬೇಕು. ಒಂದು ಗಂಟೆಯ ಪ್ರಯಾಣ ಅರ್ಧ ದಿನ ಆಗೋದು ಇಂಥ ದಿನಗಳಲ್ಲೇ. ಅದೇ ವಿಮಾನ ಬೇರೆ ಊರಿಂದ ಬಂದು ಇಲ್ಲಿಂದ ಮುಂದೆ ಹೋಗುವಂಥದ್ದಾದರೆ, ಅಲ್ಲಿನ ತಡವೂ ನಮ್ಮ ಪಾಲಿಗೆ ಬರುತ್ತದೆ.

ತಡ ಆದರೆ, ರದ್ದಾದರೆ ನಿಮಗೇನು ಸಿಗಬೇಕು?

ಇಲ್ಲಿ ಮತ್ತೆ ಬ್ಲಾಕ್ ಟೈಮ್ ಕೆಲಸಕ್ಕೆ ಬರುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ನಿಯಮಗಳು ಪ್ರಯಾಣಿಕರ ಹಕ್ಕನ್ನು ಅಳೆಯೋದೇ ಇದರಿಂದ.

- ಎರಡೂವರೆ ಗಂಟೆ ತನಕದ ಬ್ಲಾಕ್ ಟೈಮ್ ಇರುವ ವಿಮಾನ 2 ಗಂಟೆ ಅಥವಾ ಹೆಚ್ಚು ತಡವಾದರೆ, ಚೆಕ್‌ಇನ್ ಸಮಯಕ್ಕೆ ಬಂದ ಪ್ರಯಾಣಿಕರಿಗೆ ಊಟ, ಉಪಾಹಾರ ಕೊಡಬೇಕು.
- 6 ಗಂಟೆಗಿಂತ ಹೆಚ್ಚು ತಡ ಅಂತ ಗೊತ್ತಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್, ಆಯ್ಕೆ ನಿಮ್ಮದು.
- ಸರಿಯಾಗಿ ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ, ನಿಮಗೆ ಒಪ್ಪಿಗೆಯಾಗುವ ಬೇರೆ ವಿಮಾನ ಕೊಡಬೇಕು, ಇಲ್ಲವೇ ಪೂರ್ತಿ ಟಿಕೆಟ್ ಹಣ ವಾಪಸ್ ಜೊತೆಗೆ ಪರಿಹಾರವನ್ನೂ ಕೊಡಬೇಕು. 1 ಗಂಟೆ ತನಕದ ಬ್ಲಾಕ್ ಟೈಮ್‌ಗೆ 5,000 ರೂ., 1ರಿಂದ 2 ಗಂಟೆಗೆ 7,500 ರೂ. ಅಥವಾ ಒಂದು ಬದಿಯ ಮೂಲ ದರ ಮತ್ತು ಇಂಧನ ಶುಲ್ಕ. ಇದರಲ್ಲಿ ಯಾವುದು ಕಮ್ಮಿಯೋ ಅದು.

ಗಮನಿಸಿ, ಹವಾಮಾನದಂಥ ಕಂಪನಿಯ ಕೈಮೀರಿದ ಕಾರಣಕ್ಕೆ ರದ್ದಾದರೆ ಈ ಪರಿಹಾರ ಇಲ್ಲ. ಟಿಕೆಟ್ ಹಣ ಮಾತ್ರ ವಾಪಸ್ ಬರಬೇಕು. ಬುಕ್ ಮಾಡುವಾಗ ನಿಮ್ಮದೇ ಮೊಬೈಲ್ ನಂಬರ್ ಕೊಟ್ಟಿರಬೇಕು. ಏಜೆಂಟ್ ನಂಬರ್ ಇದ್ದರೆ ಮೆಸೇಜ್ ಅವರಿಗೆ ಹೋಗುತ್ತದೆ, ನಿಮಗೆ ಗೊತ್ತಾಗೋದು ಸೋಗಾನೆ ಗೇಟಿನಲ್ಲಿ.

ಬುಕ್ ಮಾಡುವ ಮುಂಚೆ ಇಷ್ಟು ನೋಡಿ

- ಆ ವಾರ ನೇರ ವಿಮಾನ ಯಾವ ದಿನ ಇದೆ, ವಾಪಸ್ ಯಾವ ದಿನ ಅನ್ನೋದನ್ನ ವಿಮಾನ ಕಂಪನಿಯ ವೆಬ್‌ಸೈಟ್‌ನಲ್ಲೇ ನೋಡಿ. ವೇಳಾಪಟ್ಟಿ ಬದಲಾಗುತ್ತಲೇ ಇರುತ್ತದೆ.
- ಆ್ಯಪ್‌ನಲ್ಲಿ 7 ಗಂಟೆ ಅಂತ ತೋರಿಸಿದರೆ ಅದು ಬೇರೆ ಊರಲ್ಲಿ ಇಳಿದು ಹತ್ತುವ ಪ್ರಯಾಣ. ‘ನಾನ್‌ಸ್ಟಾಪ್’ ಅಂತ ಇದೆಯಾ ಖಚಿತ ಮಾಡಿಕೊಳ್ಳಿ.
- ಊರಿನ ಕೋಡ್ ನೋಡಿ. ಶಿವಮೊಗ್ಗ ಆರ್‌ಕ್ಯೂವೈ, ತಿರುಪತಿ ಟಿಐಆರ್. ಟಿಆರ್‌ಝಡ್ ಅಂದರೆ ತಿರುಚಿರಾಪಳ್ಳಿ, ಟಿಆರ್‌ವಿ ಅಂದರೆ ತಿರುವನಂತಪುರ. ‘ತಿರು’ ಅಂತ ಟೈಪ್ ಮಾಡಿದರೆ ಮೂರೂ ಬರುತ್ತವೆ, ಅವಸರದಲ್ಲಿ ತಪ್ಪು ಊರಿಗೆ ದುಡ್ಡು ಕಟ್ಟಬೇಡಿ.
- 300 ರೂ.ಗಳ ವಿಶೇಷ ಪ್ರವೇಶ ದರ್ಶನದ ಸಮಯವನ್ನು ವಿಮಾನ ಇಳಿಯುವ ದಿನವೇ ಇಟ್ಟುಕೊಳ್ಳಬೇಡಿ. ಮಾರನೇ ದಿನದ್ದು ಇದ್ದರೆ, ವಿಮಾನ ತಡವಾದರೂ ದರ್ಶನ ತಪ್ಪೋದಿಲ್ಲ.
- ಸೋಗಾನೆಗೆ ಹೋಗುವ ವಾಹನ ಹಿಂದಿನ ದಿನವೇ ಗೊತ್ತು ಮಾಡಿ. ಸಾಗರ, ಸೊರಬ, ಹೊಸನಗರದವರು ಮಳೆಗಾಲದಲ್ಲಿ ಮೇಲಿನ ಲೆಕ್ಕಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯಿರಿ.

ಯಾರಾದರೂ ‘ತಿರುಪತಿಗೆ ಅರ್ಧ ಗಂಟೆ ಅಷ್ಟೇ’ ಅಂದರೆ, ‘ನಮ್ಮ ಮನೆಯಿಂದ ಎಷ್ಟು?’ ಅಂತ ಕೇಳಿ. ಶಿವಮೊಗ್ಗ, ಭದ್ರಾವತಿಯವರಿಗೆ ಐದು ಗಂಟೆಯ ಒಳಗೆ, ಉಳಿದ ತಾಲೂಕಿನವರಿಗೆ ಐದೂಮುಕ್ಕಾಲರಿಂದ ಆರೂವರೆ ಗಂಟೆ. ಈ ಲೆಕ್ಕ ಇಟ್ಟುಕೊಂಡು ಹೊರಟರೆ ಕೌಂಟರ್ ಮುಂದೆ ಓಡುವ ಪ್ರಸಂಗ ಬರೋದಿಲ್ಲ. ಮನೆಯಲ್ಲಿ ಯಾರಾದರೂ ತಿರುಪತಿಗೆ ಹೊರಡುವವರಿದ್ದರೆ ಇದನ್ನ ಅವರಿಗೂ ಕಳಿಸಿ.